ದಾದಿಗೆ ನೆರವಾಗುವವರ ಶಿಕ್ಷಣ



ಹೋದ ವರ್ಷದ ಮುಂಗಾರಿನಲ್ಲಿ ನಮ್ಮ ಪರಿಚಯದ ರೈತರೊಬ್ಬರು ತಮ್ಮ ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಹುಡುಗಿಯು ಹನ್ನೆರಡನೆಯ ತರಗತಿಯನ್ನು ಮುಗಿಸಿ ಎರಡು ತಿಂಗಳಾಗಿತ್ತು. ಪೇಟೆಯ ಒಂದು ಚಿಕ್ಕ ಆಸ್ಪತ್ರೆಯಲ್ಲಿ ಆಕೆಗೆ ನರ್ಸ್ ಕೆಲಸ ದೊರೆಯಿತೆಂದು ಮನೆಯವರೆಲ್ಲರೂ ಸಂತೋಷಪಟ್ಟಿದ್ದರು. ಅಲ್ಲಿಯವರು ಆಕೆಗೆ ಬಿಳೀ ಉಡುಪನ್ನು ಕೊಟ್ಟರು, ಊಟವನ್ನು ಕೊಟ್ಟರು, ತಿಂಗಳಿಗೆ ಸ್ವಲ್ಪ ಸಂಬಳವನ್ನೂ ಕೊಟ್ಟರು; ಪಾಠವನ್ನು ಮಾತ್ರ ಕೊಡಲಿಲ್ಲ. ಮೂರನೆಯ ವಾರದಲ್ಲಿ ಒಂದು ರಾತ್ರಿ ಒಂಭತ್ತು ಮಂದಿ ರೋಗಿಗಳ ಬಳಿಯಲ್ಲಿ ಆಕೆಯೊಬ್ಬಳನ್ನೇ ಬಿಟ್ಟುಹೋದರು. ನಡುರಾತ್ರಿಯಲ್ಲಿ ಒಬ್ಬ ಮುದುಕರ ಗ್ಲೂಕೋಸ್ ಬಾಟಲಿಯು ಬರಿದಾಗಿ ಕೊಳವೆಯೊಳಗೆ ರಕ್ತವು ಹಿಂದಕ್ಕೆ ಏರತೊಡಗಿತು. ಏನು ಮಾಡಬೇಕೆಂದು ತಿಳಿಯದೆ ಆಕೆ ಬೀದಿಗೆ ಓಡಿ ಕೂಗಿಕೊಂಡಳು. ಎದುರಿನ ಔಷಧದ ಅಂಗಡಿಯವರು ಬಂದು ಕೊಳವೆಯನ್ನು ಬಿಗಿಮಾಡಿದ್ದರಿಂದ ಮುದುಕರಿಗೆ ಕೇಡಾಗಲಿಲ್ಲ. ಆದರೆ ಹುಡುಗಿಯು ಬೆಳಗಾಗುತ್ತಲೇ ಊರಿಗೆ ಬಂದು ಎರಡು ದಿನ ಅನ್ನವನ್ನು ಮುಟ್ಟಲಿಲ್ಲ.

“ಅಯ್ಯನವರೇ, ತಪ್ಪು ನನ್ನದೋ?” ಎಂದು ಆಕೆ ನಮ್ಮನ್ನು ಕೇಳಿದಳು.

ಈ ಪ್ರಶ್ನೆಗೆ ಉತ್ತರವನ್ನು ಹುಡುಕುವದೇ ಈ ತಿಂಗಳಿನ ಪಾಠವು. ನಮ್ಮ ಹಳ್ಳಿಗಳಿಂದ ಎಷ್ಟೋ ಮಂದಿ ಹುಡುಗಿಯರೂ ಹುಡುಗರೂ ಆಸ್ಪತ್ರೆಗಳ ಕೆಲಸಕ್ಕೆ ಹೋಗುತ್ತಿರುವದರಿಂದ ಇದನ್ನು ಮನೆಯಲ್ಲಿ ಎಲ್ಲರೂ ಕೂಡಿ ಓದತಕ್ಕದ್ದೆಂದು ಕೋರುತ್ತೇವೆ.

1. ನೆರವಿನವರ ಕೆಲಸವೇನು?

ಆಸ್ಪತ್ರೆಯಲ್ಲಿ ವೈದ್ಯರೂ ದಾದಿಯರೂ ಇರುವದನ್ನು ಎಲ್ಲರೂ ಬಲ್ಲರು. ಇವರಲ್ಲದೆ ದಾದಿಯ ಕೈಕೆಳಗೆ ಕೆಲಸ ಮಾಡುವ ಇನ್ನೊಂದು ವರ್ಗವುಂಟು. ಅವರನ್ನು ಕೆಲವರು ಆಯಾ ಎನ್ನುತ್ತಾರೆ, ಕೆಲವರು ವಾರ್ಡ್ ಬಾಯ್ ಎನ್ನುತ್ತಾರೆ, ಕೆಲವರು ಸಹಾಯಕಿ ಎನ್ನುತ್ತಾರೆ. ರೋಗಿಯ ಮೈ ತೊಳೆಯುವದು, ಉಣ್ಣಿಸುವದು, ಮಗ್ಗುಲು ಬದಲಾಯಿಸುವದು, ಹಾಸಿಗೆಯನ್ನು ಹಸನುಮಾಡುವದು, ಮಲಮೂತ್ರಗಳ ಪಾತ್ರೆಯನ್ನು ಇಟ್ಟು ತೆಗೆಯುವದು, ಕುಡಿದ ನೀರನ್ನೂ ಹೋದ ಮೂತ್ರವನ್ನೂ ಅಳೆಯುವದು, ಇವೆಲ್ಲಾ ಅವರ ಕೆಲಸಗಳು.

ಇವು ಸಣ್ಣ ಕೆಲಸಗಳೆಂದೂ ಇವುಗಳಿಗೆ ಪಾಠ ಬೇಡವೆಂದೂ ಅನೇಕರು ತಿಳಿಯುತ್ತಾರೆ. ಇದು ದೊಡ್ಡ ತಪ್ಪು. ಹೇಗಂದರೆ, ಅಲುಗಲಾರದ ರೋಗಿಯನ್ನು ಬಹಳ ಹೊತ್ತು ಒಂದೇ ಮಗ್ಗುಲಲ್ಲಿ ಬಿಟ್ಟರೆ ಎಲುಬು ಒತ್ತುವ ಕಡೆಯಲ್ಲಿ ಚರ್ಮಕ್ಕೆ ರಕ್ತವು ಹರಿಯದೆ ಹೋಗಿ, ಮೊದಲು ಕೆಂಪಗಾಗಿ, ಆಮೇಲೆ ಒಡೆದು ಹುಣ್ಣಾಗುವದು. ಆ ಹುಣ್ಣು ಎಲುಬಿನ ವರೆಗೂ ಇಳಿಯಬಲ್ಲದು. ಅದರಿಂದ ನಂಜೇರಿ ಸತ್ತವರೂ ಉಂಟು. ಲಕ್ವ ಹೊಡೆದವರನ್ನು ಅಂಗಾತ ಮಲಗಿಸಿ ಗಂಜಿಯನ್ನು ಕುಡಿಸಿದರೆ ಅದು ಶ್ವಾಸಕೋಶಕ್ಕೆ ಇಳಿದು ಜ್ವರವನ್ನೂ ದಮ್ಮನ್ನೂ ಹುಟ್ಟಿಸುವದು. ಒಬ್ಬ ರೋಗಿಯನ್ನು ಮುಟ್ಟಿದ ಕೈಯನ್ನು ತೊಳೆಯದೆ ಇನ್ನೊಬ್ಬರನ್ನು ಮುಟ್ಟಿದರೆ ಮೊದಲನೆಯವರ ರೋಗವು ಎರಡನೆಯವರಿಗೆ ಅಂಟುವದು. ಇವನ್ನೆಲ್ಲಾ ಅರಿತವರು ಮೊದಲ ಕೆಂಪನ್ನು ನೋಡುತ್ತಲೇ ದಾದಿಗೆ ತಿಳಿಸುವರು. ಅರಿಯದವರು ಹಾಸಿಗೆಯ ಮೇಲೆ ಹೊಸ ಬಟ್ಟೆಯನ್ನು ಹಾಸಿ ಸುಮ್ಮನೆ ಹೋಗುವರು.

ಆದಕಾರಣ ದಾದಿಗೆ ನೆರವಾಗುವವರಿಗೆ ಮೂರು ಸಂಗತಿಗಳು ಅವಶ್ಯವಾಗಿವೆ. ಮೊದಲನೆಯದು, ಕೆಲಸಕ್ಕೆ ಮುಂಚೆ ಪಾಠ. ಎರಡನೆಯದು, ಕೆಲಸದ ಮೇಲೆ ಕಣ್ಣಿಟ್ಟು ತಿದ್ದುವವರು. ಮೂರನೆಯದು, ಮನಸ್ಸುಳ್ಳವರು ಮೇಲಕ್ಕೆ ಹತ್ತುವದಕ್ಕೆ ಮೆಟ್ಟಿಲು. ಈ ಮೂರರಲ್ಲಿ ಒಂದು ತಪ್ಪಿದರೂ ರೋಗಿಗೂ ನಷ್ಟ, ನೆರವಿನವರಿಗೂ ನಷ್ಟ. ಇದು ಹೇಗೆ ಆಗುವದೆಂಬದನ್ನು ಇಂಗ್ಲೆಂಡ್ ದೇಶದ ಚರಿತ್ರೆಯಲ್ಲಿ ಸ್ಪಷ್ಟವಾಗಿ ನೋಡಬಹುದು. ಆ ದೇಶದವರು ತಮ್ಮ ತಪ್ಪುಗಳನ್ನು ತಾವೇ ವಿಚಾರಿಸಿ ಬಹಿರಂಗವಾಗಿ ಬರೆದಿಟ್ಟಿರುವದರಿಂದ ಅದು ನಮಗೆ ತಕ್ಕ ಪಾಠವಾಗಿದೆ.

2. ಇಳಿದು ಹೋದ ಮೆಟ್ಟಿಲು

ಇಂಗ್ಲೆಂಡಿನಲ್ಲಿ 1919ರ ಕಾಯಿದೆಯಿಂದ ದಾದಿಯರ ಹೆಸರುಗಳನ್ನು ಸರಕಾರದ ಪಟ್ಟಿಯಲ್ಲಿ ದಾಖಲು ಮಾಡುವದು ಆರಂಭವಾಯಿತು. ಆದರೆ ಅವರ ಸಂಗಡ ಕೆಲಸ ಮಾಡುತ್ತಿದ್ದ ಸಹಾಯಕಿಯರಿಗೆ ಆ ಪಟ್ಟಿಯಲ್ಲಿ ಸ್ಥಳವಿರಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವರಿಲ್ಲದೆ ಆಸ್ಪತ್ರೆಗಳು ನಡೆಯಲಾರವೆಂದು ಎಲ್ಲರಿಗೂ ತಿಳಿದಾಗ 1943ರಲ್ಲಿ ಇನ್ನೊಂದು ಕಾಯಿದೆಯನ್ನು ಮಾಡಿ ಅವರಿಗಾಗಿ ಬೇರೊಂದು ಪಟ್ಟಿಯನ್ನು ಏರ್ಪಡಿಸಿದರು. ಎರಡು ವರ್ಷ ಕಲಿತವರು ಆ ಪಟ್ಟಿಗೆ ಸೇರುವರು. ಪೂರ್ಣ ದಾದಿಯಾಗುವದಕ್ಕೆ ಮೂರು ವರ್ಷ ಬೇಕಾಗಿತ್ತು.

ಇದು ಒಳ್ಳೆಯ ಏರ್ಪಾಡೇ. ಆದರೂ ಅದರಲ್ಲಿ ಒಂದು ಅನ್ಯಾಯವು ನುಸುಳಿತು. 1948ರಲ್ಲಿ ಆ ದೇಶದ ರಾಷ್ಟ್ರೀಯ ಆರೋಗ್ಯ ಸೇವೆಯು ಆರಂಭವಾದ ಮೇಲೆ ದಾದಿಯರ ಕೊರತೆಯು ಹೆಚ್ಚಲಾಗಿ, ಜಮೈಕ, ಬಾರ್ಬಡೋಸ್, ಟ್ರಿನಿಡಾಡ್ ಮೊದಲಾದ ದ್ವೀಪಗಳಿಂದ ಬಹು ಮಂದಿ ಯುವತಿಯರನ್ನು ಕರೆಯಿಸಿಕೊಂಡರು. ಅವರಲ್ಲಿ ಅನೇಕರನ್ನು, ಮೂರು ವರ್ಷದ ಶಿಕ್ಷಣಕ್ಕೆ ಯೋಗ್ಯತೆಯಿದ್ದಾಗ್ಯೂ, ಎರಡು ವರ್ಷದ ಶಿಕ್ಷಣಕ್ಕೇ ಸೇರಿಸಿದರು. ಎರಡಕ್ಕೂ ಇರುವ ಭೇದವನ್ನು ಅವರಿಗೆ ಬಿಡಿಸಿ ಹೇಳಿದವರು ಕಡಿಮೆ. ಆ ಚಿಕ್ಕ ಪಟ್ಟಿಯ ಪತ್ರವು ತಮ್ಮ ಸ್ವಂತ ದೇಶದಲ್ಲಿ ನಡೆಯುವದಿಲ್ಲವೆಂಬದು ಎಷ್ಟೋ ಮಂದಿಗೆ ಕಲಿತು ಮುಗಿದ ಮೇಲೆಯೇ ತಿಳಿಯಿತು. ದುಡಿಮೆಯಲ್ಲಿ ಅವರು ಯಾರಿಗೂ ಕಡಿಮೆಯಾಗಿರಲಿಲ್ಲ. ತಾವು ಹತ್ತಿದ ಮೆಟ್ಟಿಲು ಎಲ್ಲಿಗೆ ಹೋಗುವದೆಂಬದನ್ನು ಮಾತ್ರ ಅವರಿಗೆ ತಿಳಿಸಲಿಲ್ಲ. ವಾಚಕರೇ, ಈ ಮಾತನ್ನು ನೆನಪಿನಲ್ಲಿಡಿರಿ. ಮುಂದೆ ಇದಕ್ಕೆ ತಿರಿಗಿ ಬರುವೆವು.

1986ರಲ್ಲಿ ದಾದಿಯರ ಶಿಕ್ಷಣವನ್ನು ಎತ್ತರಿಸುವದಕ್ಕಾಗಿ ಪ್ರಾಜೆಕ್ಟ್ 2000 ಎಂಬ ಹೊಸ ಯೋಜನೆಯನ್ನು ಬರೆದರು. ಅದರಂತೆ ಕಲಿಯುವ ದಾದಿಯರು ವಾರ್ಡಿನ ದುಡಿಮೆಯ ಆಳುಗಳಾಗಿರದೆ ನಿಜವಾದ ವಿದ್ಯಾರ್ಥಿಗಳಾದರು. ಇದು ಮೇಲಾದ ಸಂಗತಿಯು. ಆದರೆ ಅದರ ಸಂಗಡಲೇ ಎರಡು ವರ್ಷದ ಶಿಕ್ಷಣವನ್ನು ಕ್ರಮೇಣ ನಿಲ್ಲಿಸಿಬಿಟ್ಟರು. ಹೀಗಿರಲಾಗಿ ರೋಗಿಯನ್ನು ತೊಳೆದು ಉಣ್ಣಿಸುವವರು ಯಾರು? ಆ ಕೆಲಸವು ಸಹಾಯಕರೆಂಬ ಹೆಸರುಳ್ಳ ಹೊಸಬರ ಪಾಲಿಗೆ ಬಂತು. ಅವರಿಗೆ ಇಷ್ಟು ಪಾಠ ಆಗಲೇಬೇಕೆಂಬ ನಿಯಮವಾಗಲಿ, ಹೆಸರು ಬರೆಯುವ ಪಟ್ಟಿಯಾಗಲಿ ಇರಲಿಲ್ಲ. ಮೇಲಿನ ಮೆಟ್ಟಿಲು ಎತ್ತರವಾಯಿತು, ಕೆಳಗಿನ ಮೆಟ್ಟಿಲು ಇಳಿದು ಹೋಯಿತು.

3. ಸ್ಟಾಫರ್ಡಿನ ದುಃಖ

ಇದರ ಕೇಡು ಎಷ್ಟೆಂಬದು ಸ್ಟಾಫರ್ಡ್ ಪಟ್ಟಣದ ಆಸ್ಪತ್ರೆಯಿಂದ ಲೋಕಕ್ಕೆ ತಿಳಿದುಬಂತು. 2005ರಿಂದ 2009ರ ವರೆಗೆ ಅಲ್ಲಿ ರೋಗಿಗಳ ಆರೈಕೆಯು ಬಹಳ ಕೆಟ್ಟುಹೋಗಿತ್ತು. ಕೈಗೆಟುಕದ ಕಡೆಯಲ್ಲಿ ನೀರನ್ನಿಟ್ಟು ಹೋಗುತ್ತಿದ್ದರು; ಉಣ್ಣಲಾರದವರಿಗೆ ಉಣ್ಣಿಸುವವರಿರಲಿಲ್ಲ; ಮುದುಕರು ಹೊಲಸಾದ ಹಾಸಿಗೆಯಲ್ಲಿ ಗಂಟೆಗಟ್ಟಲೆ ಬಿದ್ದಿದ್ದರು. ಸತ್ತವರ ಮಕ್ಕಳು ಸುಮ್ಮನಿರದೆ ನ್ಯಾಯವನ್ನು ಕೇಳಿದರು. ರಾಬರ್ಟ್ ಫ್ರಾನ್ಸಿಸ್ ಎಂಬ ನ್ಯಾಯವಾದಿಗಳು ಬಹಿರಂಗ ವಿಚಾರಣೆಯನ್ನು ನಡಿಸಿ 2013ರ ಫೆಬ್ರವರಿಯಲ್ಲಿ 290 ಸಲಹೆಗಳುಳ್ಳ ವರದಿಯನ್ನು ಒಪ್ಪಿಸಿದರು. ಹಣವನ್ನು ಉಳಿಸುವದಕ್ಕೋಸ್ಕರ ಸಿಬ್ಬಂದಿಯನ್ನು ಕಡಿಮೆ ಮಾಡಿದ್ದೂ, ಮೇಲಿನವರು ರೋಗಿಗಿಂತ ಲೆಕ್ಕವನ್ನೇ ಹೆಚ್ಚಾಗಿ ನೋಡಿದ್ದೂ ಆ ಕೇಡಿನ ಕಾರಣಗಳಲ್ಲಿ ಸೇರಿದ್ದವು. ಆದಕಾರಣ ತಪ್ಪೆಲ್ಲವನ್ನೂ ಸಹಾಯಕರ ತಲೆಗೆ ಕಟ್ಟುವದು ನ್ಯಾಯವಲ್ಲ. ಆದಾಗ್ಯೂ, ಪಾಠವೂ ಮೇಲ್ವಿಚಾರಣೆಯೂ ಇಲ್ಲದ ಕೈಗಳಿಗೆ ರೋಗಿಯನ್ನು ಒಪ್ಪಿಸುವದು ಎಷ್ಟು ಅಪಾಯವೆಂಬದು ಎಲ್ಲರಿಗೂ ಮನದಟ್ಟಾಯಿತು.

ಅದೇ ವರ್ಷದ ಜುಲೈಯಲ್ಲಿ ಕಮಿಲಾ ಕ್ಯಾವೆಂಡಿಷ್ ಎಂಬವರು ಸಹಾಯಕರ ವಿಷಯವಾಗಿಯೇ ಇನ್ನೊಂದು ವರದಿಯನ್ನು ಬರೆದರು. ದಾದಿಯರಲ್ಲದೆ ಆರೈಕೆಯ ಕೆಲಸವನ್ನು ಮಾಡುವವರು ಆ ದೇಶದಲ್ಲಿ 13 ಲಕ್ಷಕ್ಕಿಂತ ಹೆಚ್ಚು ಮಂದಿ ಇದ್ದರು. ಅವರನ್ನು 60ಕ್ಕಿಂತಲೂ ಹೆಚ್ಚು ಬಗೆಯ ಹೆಸರುಗಳಿಂದ ಕರೆಯುತ್ತಿದ್ದದರಿಂದ ಯಾರು ಏನು ಬಲ್ಲರೆಂದು ರೋಗಿಗೂ ತಿಳಿಯದು, ಒಮ್ಮೊಮ್ಮೆ ದಾದಿಗೂ ತಿಳಿಯದು. ಒಂದು ಕಡೆ ಒಳ್ಳೆಯ ಪಾಠವಾದರೆ ಇನ್ನೊಂದು ಕಡೆ ಒಂದು ಚಲನಚಿತ್ರವನ್ನು ತೋರಿಸಿ ಕೆಲಸಕ್ಕೆ ಬಿಡುತ್ತಿದ್ದರು.

4. ತಿರಿಗಿ ಕಟ್ಟಿದ ಮೆಟ್ಟಿಲುಗಳು

ತಪ್ಪನ್ನು ಕಂಡುಕೊಂಡ ಮೇಲೆ ಅದನ್ನು ತಿದ್ದುವದಕ್ಕೆ ಅವರು ಎರಡು ಉಪಾಯಗಳನ್ನು ಮಾಡಿದರು.

ಮೊದಲನೆಯದಾಗಿ, 2015ರ ಏಪ್ರಿಲಿನಲ್ಲಿ ಹೊಸ ಸಹಾಯಕರಿಗೆ ಆರೈಕೆಯ ಪ್ರಮಾಣಪತ್ರವನ್ನು ಏರ್ಪಡಿಸಿದರು. ಅದರಲ್ಲಿ ಆಗ 15 ಪಾಠಗಳಿದ್ದವು: ತನ್ನ ಕೆಲಸದ ಮೇರೆ ಯಾವದೆಂದು ತಿಳಿಯುವದು, ರೋಗಿಯ ಮಾನವನ್ನು ಕಾಯುವದು, ಅನ್ನನೀರುಗಳ ವಿಚಾರ, ಸೋಂಕನ್ನು ತಡೆಯುವದು, ಉಸಿರು ನಿಂತಾಗ ಮಾಡತಕ್ಕ ಮೊದಲ ಸಹಾಯ, ಬುದ್ಧಿ ಮಂಕಾದ ಮುದುಕರ ಸಂಗಡ ನಡೆದುಕೊಳ್ಳುವ ರೀತಿ ಮುಂತಾದವು. ಬಾಯಿಪಾಠವಾದರೆ ಸಾಲದು; ಕೆಲಸದ ಸ್ಥಳದಲ್ಲಿ ಮಾಡಿ ತೋರಿಸಬೇಕು, ಬಲ್ಲವರು ನೋಡಿ ಒಪ್ಪಬೇಕು.

ಎರಡನೆಯದಾಗಿ, ಸಹಾಯಕರಿಗೂ ಪೂರ್ಣ ದಾದಿಯರಿಗೂ ನಡುವೆ ನರ್ಸಿಂಗ್ ಅಸೋಸಿಯೇಟ್ ಎಂಬ ಸ್ಥಾನವನ್ನು ಉಂಟುಮಾಡಿದರು. 2017ರಲ್ಲಿ 2,000 ಮಂದಿಯೊಂದಿಗೆ ಪರೀಕ್ಷಾರ್ಥವಾಗಿ ಆರಂಭಿಸಿ, 2019ರ ಜನವರಿಯಿಂದ ಅವರ ಹೆಸರುಗಳನ್ನೂ ದಾದಿಯರ ಪರಿಷತ್ತಿನ ಪಟ್ಟಿಯಲ್ಲಿ ದಾಖಲು ಮಾಡುತ್ತಿದ್ದಾರೆ. ಇದು ಎರಡು ವರ್ಷದ ಶಿಕ್ಷಣವು. ವಾರ್ಡಿನಲ್ಲಿ ಬಹುಕಾಲ ದುಡಿದ ಸಹಾಯಕಿಯು ಸಂಬಳವನ್ನು ಬಿಡದೆ ಕಲಿಯಬಹುದು. ಅನಂತರ ಮನಸ್ಸಿದ್ದರೆ ಇನ್ನೂ ಕಲಿತು ಪೂರ್ಣ ದಾದಿಯಾಗಬಹುದು. ಸಂಸಾರದ ಭಾರದಿಂದ ಕಾಲೇಜಿಗೆ ಹೋಗಲಾರದ ಎಷ್ಟೋ ಸ್ತ್ರೀಯರಿಗೆ ಇದರಿಂದ ಬಾಗಿಲು ತೆರೆಯಿತು. ನೋಡಿರಿ, 1943ರಲ್ಲಿ ಕಟ್ಟಿದ ಮೆಟ್ಟಿಲನ್ನು ಕಿತ್ತುಹಾಕಿ, ಮೂವತ್ತು ವರ್ಷ ನಷ್ಟಪಟ್ಟು, ಅದರಂಥದ್ದನ್ನೇ ತಿರಿಗಿ ಕಟ್ಟಬೇಕಾಯಿತು.

5. ನೆರವು ಬೇರೆ, ಬದಲಿ ಬೇರೆ

ಇಲ್ಲಿ ಒಂದು ಎಚ್ಚರಿಕೆಯು ಬೇಕು. ಸಹಾಯಕರು ಕಲಿತರೆ ದಾದಿಯರು ಬೇಡವೆಂದು ಲೆಕ್ಕ ಹಾಕುವ ಯಜಮಾನರು ಎಲ್ಲಾ ದೇಶಗಳಲ್ಲಿಯೂ ಉಂಟು. ಯಾಕಂದರೆ ಸಹಾಯಕರ ಸಂಬಳವು ಕಡಿಮೆ. ಲಿಂಡಾ ಐಕನ್ ಎಂಬ ವಿದ್ವಾಂಸರೂ ಅವರ ಜೊತೆಗಾರರೂ ಯೂರೋಪಿನ ಆರು ದೇಶಗಳ 243 ಆಸ್ಪತ್ರೆಗಳನ್ನು ಶೋಧಿಸಿ 2016ರ ಕೊನೆಯಲ್ಲಿ ತಮ್ಮ ಲೆಕ್ಕವನ್ನು ಪ್ರಕಟಿಸಿದರು. ಪ್ರತಿ 25 ರೋಗಿಗಳಿಗೆ ಒಬ್ಬ ದಾದಿಯ ಸ್ಥಳದಲ್ಲಿ ಒಬ್ಬ ಸಹಾಯಕಿಯನ್ನು ನಿಲ್ಲಿಸುವದಕ್ಕೆ ಸಮನಾದ ಭೇದವಿದ್ದ ಕಡೆ ರೋಗಿಯು ಸಾಯುವ ಸಂಭವವು ನೂರಕ್ಕೆ 21ರಷ್ಟು ಹೆಚ್ಚಾಗಿ ಕಂಡುಬಂತು.

ಇದರ ಅರ್ಥವು ಸಹಾಯಕಿಯು ಕೆಟ್ಟವಳೆಂದಲ್ಲ. ನೇಗಿಲಿಗೆ ಎರಡು ಎತ್ತುಗಳು ಬೇಕು. ಒಂದನ್ನು ಮಾರಿ ಇನ್ನೊಂದಕ್ಕೆ ಎಷ್ಟು ಮೇವು ಹಾಕಿದರೂ ಉಳುಮೆ ಸಾಗದು. ಸಹಾಯಕಿಯು ಕೆಂಪನ್ನು ಕಂಡು ಹೇಳುವಳು. ಅದು ಯಾವದರ ಗುರುತೆಂದು ತೂಗಿ ಮುಂದಿನ ಕೆಲಸವನ್ನು ನಿಶ್ಚಯಿಸುವದು ದಾದಿಯ ವಿದ್ಯೆ. ಕೇಳುವ ದಾದಿಯೇ ಇಲ್ಲದಿದ್ದರೆ ಹೇಳಿ ಫಲವೇನು?

6. ನಮ್ಮ ದೇಶದ ಮೆಟ್ಟಿಲುಗಳು

ಈಗ ನಮ್ಮ ಊರುಗಳ ಕಡೆಗೆ ಬರುವ. 1946ರಲ್ಲಿ ಭೋರ್ ಸಮಿತಿಯು ಲೆಕ್ಕ ಹಾಕಿದಾಗ ಹಿಂದುಸ್ಥಾನದಲ್ಲಿ 43,000 ಜನರಿಗೆ ಒಬ್ಬ ದಾದಿ ಇದ್ದಳು. ಈ ಕೊರತೆಯನ್ನು ತುಂಬುವದಕ್ಕಾಗಿ ಸ್ವಾತಂತ್ರ್ಯದ ತರುವಾಯ 1950ರ ದಶಕದಲ್ಲಿ ಎ.ಎನ್.ಎಮ್. ಎಂಬ ಸಹಾಯಕ ದಾದಿ-ಸೂಲಗಿತ್ತಿಯರ ಶಿಕ್ಷಣವು ಆರಂಭವಾಯಿತು. ನಮ್ಮ ಹಳ್ಳಿಗಳಲ್ಲಿ ಸಿಸ್ಟರ್ ಎಂದು ಕರೆಯಿಸಿಕೊಳ್ಳುತ್ತಾ ಬಸುರಿಯರನ್ನು ಪರೀಕ್ಷಿಸಿ ಕೂಸುಗಳಿಗೆ ಲಸಿಕೆ ಹಾಕುವ ಸಹೋದರಿಯು ಇವಳೇ. ಬಯಲು ಸೀಮೆಯಲ್ಲಿ 5,000 ಜನರಿಗೂ ಗುಡ್ಡಗಾಡಿನಲ್ಲಿ 3,000 ಜನರಿಗೂ ಒಂದು ಉಪಕೇಂದ್ರವಿರಬೇಕೆಂಬದು ಸರಕಾರದ ಪ್ರಮಾಣವು.

ಆಕೆಯ ಸಂಗಡ ನಡೆಯುವವಳು ಆಶಾ ಕಾರ್ಯಕರ್ತೆ. 2005ರ ಗ್ರಾಮೀಣ ಆರೋಗ್ಯ ಅಭಿಯಾನದಲ್ಲಿ 1,000 ಜನರಿಗೆ ಒಬ್ಬಳಂತೆ ಆಯಾ ಊರಿನ ಸ್ತ್ರೀಯರನ್ನೇ ಆರಿಸಿದರು. ಆಸ್ಪತ್ರೆಯಲ್ಲಿ ಹೆತ್ತು ಬಂದ ತಾಯಿಯ ಮನೆಗೆ ಆಕೆ 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಹೋಗಿ ಕೂಸನ್ನು ತೂಗಿ, ಮೈ ಬೆಚ್ಚಗಿದೆಯೋ, ಹಾಲು ಕುಡಿಯುವದೋ ಎಂದು ನೋಡತಕ್ಕದ್ದು. ಲೋಕದ ಆರೋಗ್ಯ ಸಂಸ್ಥೆಯು 2022ರಲ್ಲಿ ಇವರನ್ನು ಸನ್ಮಾನಿಸಿತು. ಆದರೂ ಇವರನ್ನು ಸ್ವಯಂಸೇವಕಿಯರೆಂದು ಎಣಿಸಿ ಕೆಲಸಕ್ಕೆ ಇಷ್ಟೆಂದು ಗೌರವಧನವನ್ನು ಕೊಡುವ ಪದ್ಧತಿಯಿರುವದರಿಂದ ಕರ್ನಾಟಕದಲ್ಲಿಯೂ ಇವರು ಹಲವು ಸಲ ಬೀದಿಗಿಳಿದು ನ್ಯಾಯ ಕೇಳಿದ್ದಾರೆ. ಯೋಗ್ಯತೆಯುಳ್ಳ ಆಶಾಗಳಿಗೆ ಎ.ಎನ್.ಎಮ್. ಶಾಲೆಯಲ್ಲಿ ಪ್ರಾಶಸ್ತ್ಯ ಕೊಡುವ ಪದ್ಧತಿಯು ಕೆಲವು ರಾಜ್ಯಗಳಲ್ಲಿ ಉಂಟು. ಮೆಟ್ಟಿಲು ಎಂದು ನಾವು ಹೇಳುವದು ಇಂಥದ್ದನ್ನೇ.

ಮೆಟ್ಟಿಲುಗಳ ಕ್ರಮವನ್ನು ತಂದೆತಾಯಿಗಳು ತಿಳಿದಿರಬೇಕು. ಹನ್ನೆರಡನೆಯ ತರಗತಿಯ ತರುವಾಯ ಎ.ಎನ್.ಎಮ್. ಶಿಕ್ಷಣವು ಎರಡು ವರ್ಷ, ಜಿ.ಎನ್.ಎಮ್. ಎಂಬ ದಾದಿಯ ಡಿಪ್ಲೊಮಾ ಮೂರು ವರ್ಷ, ಬಿ.ಎಸ್‌ಸಿ. ನರ್ಸಿಂಗ್ ಪದವಿ ನಾಲ್ಕು ವರ್ಷ. ಎ.ಎನ್.ಎಮ್. ಆದವಳು ಜಿ.ಎನ್.ಎಮ್. ಕಲಿಯಬಹುದು, ಜಿ.ಎನ್.ಎಮ್. ಆದವಳು ಇನ್ನೆರಡು ವರ್ಷ ಓದಿ ಪದವಿಯನ್ನು ಪಡೆಯಬಹುದು. ಇವುಗಳಲ್ಲದೆ ವಾರ್ಡಿನ ಸಹಾಯಕರಿಗೆ ಜನರಲ್ ಡ್ಯೂಟಿ ಅಸಿಸ್ಟೆಂಟ್ ಎಂಬ ಕೆಲವೇ ತಿಂಗಳುಗಳ ಕಸುಬಿನ ಶಿಕ್ಷಣವೂ ಉಂಟು. ಅದು ತನ್ನ ಸ್ಥಳದಲ್ಲಿ ಉಪಯುಕ್ತವೇ. ಆದರೆ ಅದರಿಂದ ಯಾರೂ ದಾದಿಯಾಗುವದಿಲ್ಲ, ದಾದಿಯರ ಪರಿಷತ್ತಿನಲ್ಲಿ ಹೆಸರೂ ದಾಖಲಾಗುವದಿಲ್ಲ.

7. ಕಳುಹಿಸುವದಕ್ಕೆ ಮುಂಚೆ ಕೇಳತಕ್ಕ ಮಾತುಗಳು

ಜಮೈಕ ದ್ವೀಪದ ಯುವತಿಯರನ್ನು ನೆನಸಿಕೊಳ್ಳಿರಿ. ಅವರು ಕೇಳಬೇಕಾಗಿದ್ದ ಪ್ರಶ್ನೆಗಳನ್ನು ನಮ್ಮ ಮಕ್ಕಳ ಪರವಾಗಿ ನಾವು ಮೊದಲೇ ಕೇಳುವ.

ಈ ಶಾಲೆಯನ್ನು ಭಾರತೀಯ ನರ್ಸಿಂಗ್ ಪರಿಷತ್ತೂ ರಾಜ್ಯದ ಪರಿಷತ್ತೂ ಒಪ್ಪಿವೆಯೋ? ಬಾಯಿಮಾತನ್ನು ನಂಬದೆ ಆದೇಶದ ಪತ್ರವನ್ನು ನೋಡಿರಿ.

ಕಲಿತು ಮುಗಿದ ಮೇಲೆ ಕೊಡುವ ಪತ್ರ ಯಾವದು? ಅದರಿಂದ ಹೆಸರು ಪಟ್ಟಿಯಲ್ಲಿ ದಾಖಲಾಗುವದೋ? ಅದರಿಂದ ಮುಂದಿನ ಮೆಟ್ಟಿಲನ್ನು ಹತ್ತಬಹುದೋ?

ಬರೇ ಕೆಲಸಕ್ಕೆ ಸೇರುವದಾದರೆ, ಮೊದಲು ಕಲಿಸುವವರು ಯಾರು? ರಾತ್ರಿಯಲ್ಲಿ ಹುಡುಗಿಯ ಸಂಗಡ ಪಟ್ಟಿಯಲ್ಲಿ ಹೆಸರಿರುವ ದಾದಿ ಒಬ್ಬಳು ಇರುವಳೋ? ಸೂಜಿಮದ್ದು ಕೊಡುವದು, ಬಾಟಲಿಯನ್ನು ಏರಿಸುವದು ಮೊದಲಾದ ಕೆಲಸಗಳನ್ನು ಕಲಿಯದವಳಿಂದ ಮಾಡಿಸುವದಿಲ್ಲವೆಂದು ಮಾತು ಕೊಡುವರೋ?

ಅಂಕಪಟ್ಟಿಯ ಮೂಲಪ್ರತಿಗಳನ್ನು ಒತ್ತೆಯಾಗಿ ಕೇಳುವರೋ? ಕೇಳಿದರೆ ಕೊಡಬೇಡಿರಿ. ನೋಡುವದಕ್ಕೆ ತೋರಿಸಿ, ನಕಲುಗಳನ್ನು ಕೊಟ್ಟು, ಮೂಲವನ್ನು ಮನೆಗೆ ತನ್ನಿರಿ.

ಇವುಗಳನ್ನು ಕೇಳುವದರಿಂದ ನಮ್ಮನ್ನು ಒರಟರೆಂದಾರು ಎಂದು ಕೆಲವರು ನಾಚುತ್ತಾರೆ. ಎತ್ತನ್ನು ಕೊಳ್ಳುವಾಗ ಹಲ್ಲನ್ನು ಎಣಿಸುವ ನಾವು ಮಗಳನ್ನು ಕಳುಹಿಸುವಾಗ ನಾಚುವದು ಯಾಕೆ?

8. ಆಕೆಯ ಪ್ರಶ್ನೆಗೆ ಉತ್ತರ

“ತಪ್ಪು ನನ್ನದೋ?” ಎಂದು ಕೇಳಿದ ಹುಡುಗಿಗೆ ನಾವು ಹೀಗೆ ಹೇಳಿದೆವು: “ಮಗಳೇ, ಕಲಿಸದವರ ತಪ್ಪು ದೊಡ್ಡದು, ಒಬ್ಬಳನ್ನೇ ಬಿಟ್ಟು ಹೋದವರ ತಪ್ಪು ಇನ್ನೂ ದೊಡ್ಡದು, ವಿಚಾರಿಸದೆ ಕಳುಹಿಸಿದ ನಮ್ಮಂಥ ಹಿರಿಯರದೂ ಸ್ವಲ್ಪ ಉಂಟು. ನಿನ್ನ ಪಾಲಿಗೆ ಉಳಿದದ್ದು ಒಂದೇ. ಇನ್ನು ಮೇಲೆ ತಿಳಿಯದ ಕೆಲಸವನ್ನು ಹೇಳಿದರೆ, ನನಗೆ ತಿಳಿಯದು, ಕಲಿಸಿರಿ ಎಂದು ಬಾಯಿಬಿಟ್ಟು ಹೇಳು. ಇದನ್ನು ಹೇಳಬಲ್ಲವಳು ಒಳ್ಳೆಯ ದಾದಿಯಾಗುವಳು.”

ತಂದೆಯು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, “ಸಂಬಳದ ಆಸೆಗೆ ಕಳುಹಿಸಿದೆ, ಅಯ್ಯನವರೇ; ಪಾಠದ ಮಾತನ್ನು ಕೇಳಲೇ ಇಲ್ಲ,” ಅಂದರು.

ಆಕೆ ಈಗ ಎ.ಎನ್.ಎಮ್. ಶಾಲೆಯಲ್ಲಿದ್ದಾಳೆ. ಹೋದ ತಿಂಗಳು ರಜೆಗೆ ಬಂದಾಗ ನಾವು ಅವರ ಮನೆಗೆ ಹೋಗಿದ್ದೆವು. ಹಾಸಿಗೆ ಹಿಡಿದಿರುವ ಅಜ್ಜಿಯನ್ನು ಆಕೆ ಮೆಲ್ಲಗೆ ಮಗ್ಗುಲಿಗೆ ಹೊರಳಿಸಿ, ಬೆನ್ನನ್ನೂ ಸೊಂಟವನ್ನೂ ಬೆಳಕಿನಲ್ಲಿ ನೋಡಿ, ಮೊಣಕಾಲುಗಳ ನಡುವೆ ಹಳೆಯ ಸೀರೆಯ ಮಡಿಕೆಯನ್ನಿಟ್ಟಳು. ತಂದೆಯನ್ನು ಹತ್ತಿರಕ್ಕೆ ಕರೆದು, “ಅಪ್ಪಾ, ಇಲ್ಲಿ ಕೆಂಪಗಾಗಿದೆಯೋ ಎಂದು ದಿನಾಲೂ ನೋಡಬೇಕು. ನಾನು ಇಲ್ಲದಾಗ ನೀವೇ ನೋಡಬೇಕು,” ಎಂದು ಬೆರಳಿಟ್ಟು ತೋರಿಸಿದಳು. ಅವರು ತಲೆಬಾಗಿಸಿ ಕಲಿತರು.

ಪಾಠದ ಪ್ರಶ್ನೆಗಳು

1. ದಾದಿಗೆ ನೆರವಾಗುವವರಿಗೆ ಬೇಕಾದ ಮೂರು ಸಂಗತಿಗಳು ಯಾವವು?

2. ಇಂಗ್ಲೆಂಡಿನಲ್ಲಿ ಎರಡು ವರ್ಷದ ಶಿಕ್ಷಣವನ್ನು ನಿಲ್ಲಿಸಿದ್ದರಿಂದ ಏನಾಯಿತು? ಅದನ್ನು ಹೇಗೆ ತಿದ್ದಿಕೊಂಡರು?

3. ದಾದಿಯ ಸ್ಥಳದಲ್ಲಿ ಸಹಾಯಕಿಯನ್ನು ನಿಲ್ಲಿಸುವದು ಯಾಕೆ ಅಪಾಯವು?

4. ನಿಮ್ಮ ಊರಿನಿಂದ ಆಸ್ಪತ್ರೆಯ ಕೆಲಸಕ್ಕೆ ಹೋದವರು ಯಾರು? ಅವರು ಯಾವ ಮೆಟ್ಟಿಲಿನಲ್ಲಿದ್ದಾರೆ, ಮುಂದಿನದನ್ನು ಹತ್ತುವದಕ್ಕೆ ನೀವು ಏನು ಸಹಾಯ ಮಾಡಬಹುದು?